ಒಂದು ಬೆರಳು ಮುಂದೆ

ತಣ್ಣಗಿರುವಾಗ ಮಾತ್ರ ಬರುತ್ತಿತ್ತು ಆ ಸದ್ದು.
ಟಿಕ್ ಟಿಕ್ ಟಿಕ್, ಹಲ್ಲಿ ಲೊಚಗುಟ್ಟಿದ ಹಾಗೆ
ಬಾನೆಟ್ಟಿನ ಒಳಗೆಲ್ಲೋ.
ಹತ್ತು ನಿಮಿಷ ಓಡಿದರೆ ಕಬ್ಬಿಣ ಕಾದು ಹಿಗ್ಗಿ
ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತಿತ್ತು.
ತೋಪೇಗೌಡ ನನ್ನ ಶೆಡ್ಡಿಗೆ ತರುವಷ್ಟರಲ್ಲಿ
ಲಾರಿ ಏನೂ ಅರಿಯದ ಮಗು.
"ಪ್ಯಾರೇಜಾನ್, ನಿನ್ನಾಣೆಗೂ ಇತ್ತು ಕಣಯ್ಯಾ."
ಕಣ್ಣು ಕೆಂಪು, ಅಂಗಿ ತುಂಬ ಹೊಗೆ,
ಬಾಣಾವರ ಮುಟ್ಟುವ ಮೊದಲೇ ತಲೆಸಿಡಿತ.

ರಾತ್ರಿ ಇಲ್ಲೇ ಬಿಟ್ಟು ಹೋಗು ಎಂದೆ.

ಗಾಡಿ ಅವನದು, ಎಂಜಿನ್ನು ಕಡೂರಿನ ಓಂಕಾರಪ್ಪನದು.
ಓಂಕಾರಪ್ಪನ ಚಾಸಿ ತುಕ್ಕು ತಿಂದು ಮಲಗಿತ್ತು,
ಎದೆ ಮಾತ್ರ ಗಟ್ಟಿ.
ಗೌಡನ ಲಾರಿಗೆ ಮೈ ಗಟ್ಟಿ, ಆಯಿಲ್ ಕುಡಿಯುವ ಚಟ.
ಚೈನ್ ಬ್ಲಾಕಿನಲ್ಲಿ ಇದನ್ನಿಳಿಸಿ ಅದನ್ನೇರಿಸಿ
ಎರಡೇ ದಿನದಲ್ಲಿ ಕೂರಿಸಿದವನು ನಾನು.
ಸದ್ದು ಯಾರದಾದರೇನು,
ಬೈಗುಳ ನನ್ನದೇ.

ಬೆಳಗ್ಗೆ ಆರೂಕಾಲು. ಗೂಡ್ಸು ದಾಟಲೆಂದು ಕಾದೆ.
ಅರಸೀಕೆರೆಯಲ್ಲಿ ಏನನ್ನಾದರೂ ಕೇಳಿಸಿಕೊಳ್ಳಬೇಕಾದರೆ
ಮೊದಲು ರೈಲು ಮುಗಿಯಬೇಕು.
ಫ್ಯಾನ್ ಬೆಲ್ಟು ಬಿಚ್ಚಿಟ್ಟು, ಹುಡುಗನಿಗೆ ಹೊಡಿ ಅಂದೆ,
ಊದುಬತ್ತಿ ಹಚ್ಚಿ ಮ್ಯಾನಿಫೋಲ್ಡಿನುದ್ದಕ್ಕೂ ಹಿಡಿದೆ.
ನೆಟ್ಟಗೆ ಏರುತ್ತಿದ್ದ ಎಳೆ
ಫ್ಲ್ಯಾಂಜಿನ ಬಳಿ ಕಪಾಳಕ್ಕೆ ಬಿದ್ದಂತೆ
ಸರಕ್ಕನೆ ಪಕ್ಕಕ್ಕೆ.

ಸಿಕ್ಕಿತು. ಆದರೆ ಅಲ್ಲಿ ಮೂರು ಸಲ
ಗ್ಯಾಸ್ಕೆಟ್ ಬದಲಿಸಿದ್ದೆ ನಾನು.

ಅಷ್ಟರಲ್ಲಿ ಓಂಕಾರಪ್ಪ, ಮೊದಲ ಬಸ್ಸಿಗೆ,
ಬಾಕಿ ಹನ್ನೆರಡು ಸಾವಿರದ ನೆಪ.
"ನಾನು ಕೊಡುವಾಗ ಇದು ಇರಲಿಲ್ಲ" ಎಂದ.
"ನನ್ನ ಗಾಡೀಲೂ ಇರಲಿಲ್ಲ" ಎಂದ ಗೌಡ.
ಇಬ್ಬರದೂ ನಿಜ.
ನಾನು ಅಡಿಗೆ ನುಸುಳಿ ಮಲಗಿದೆ.

ಕೊನೆಯ ನಟ್ಟು ಸಡಿಲಿಸಿದ್ದೇ ತಡ
ಸೈಲೆನ್ಸರ್ ಪೈಪು ಠಣ್ಣನೆ ಹಾರಿ ದೂರ ನಿಂತಿತು,
ಸಿಟ್ಟಿಗೆದ್ದವನು ಹೆಗಲ ಮೇಲಿನ ಕೈ ಕೊಡವಿದ ಹಾಗೆ.
ನಡುವೆ ಸಂದು. ಬೆರಳಿಟ್ಟು ನೋಡಿದೆ,
ನನ್ನ ತೋರುಬೆರಳು ಸರಿಯಾಗಿ ಹಿಡಿಸಿತು.
ಹೊಸ ರಬ್ಬರಿನ ಮೇಲೆ ಎಂಜಿನ್ನು
ಒಂದು ಬೆರಳು ಮುಂದೆ ಕೂತಿದೆ.
ಅವತ್ತು ಸಂಜೆ, ಅವಸರದಲ್ಲಿ,
ಹಾರೆ ಕೊಟ್ಟು ಮೀಟಿ, ಪೈಪನ್ನು ಎಳೆದು ತಂದು
ಬೋಲ್ಟಿನ ಬಲದಲ್ಲಿ ಕಟ್ಟಿಹಾಕಿದ್ದೆ.
ಹೇಳಿರಲಿಲ್ಲ ಯಾರಿಗೂ. ಈಗ ಹೇಳಿದೆ.
ಗೌಡ ಬೀಡಿ ಆರಿಸಿದ, ಬೈಯಲಿಲ್ಲ,
ಅದೇ ಕಷ್ಟವಾಯಿತು.

ಕಾಳಾಚಾರಿ ಪೈಪು ಕತ್ತರಿಸಿ
ಬೆರಳಗಲದ ಬಳೆ ಬೆಸೆದುಕೊಟ್ಟ.
ಎಳೆತಕ್ಕೆ ಸೊಟ್ಟಗಾದ ಫ್ಲ್ಯಾಂಜು ನನ್ನ ಪಾಲು.
ಗಾಜಿನ ಚೂರಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ
ಮುಖ ಕೆಳಗೆ ಮಾಡಿ ಉಜ್ಜಿದೆ.
ಉಬ್ಬಿದ ಕಡೆ ಕೆಂಪು, ತಗ್ಗಿದ ಕಡೆ ಬರಿ ಕಬ್ಬಿಣ.
ಉಸ್ತಾದ್ ಕಲಿಸಿದ್ದು ಇದು. ಗ್ರಂದಿಗೆ ಅಂಗಡಿಯವರು ಈಗೀಗ
"ಗಾಡಿಗೋ?" ಎಂದಷ್ಟೇ ಕೇಳಿ ಕಟ್ಟಿಕೊಡುತ್ತಾರೆ.
ಅರ ಹಾಕು, ಉಜ್ಜು, ನೋಡು, ಮತ್ತೆ ಅರ.
ಊಟದ ಹೊತ್ತು ಮೀರಿ
ಕೆಂಪು ಸುತ್ತಲೂ ಕೂಡಿ ಉಂಗುರವಾಯಿತು.

ಈ ಸಲ ನಟ್ಟುಗಳು ಬೆರಳಲ್ಲೇ ತಿರುಗಿದವು.
ಸ್ಪ್ಯಾನರ್ ಬೇಕಾದದ್ದು ಕೊನೆಯ ಅರ್ಧ ಸುತ್ತಿಗೆ.

ತಣ್ಣಗಾಗದೆ ತಿಳಿಯುವುದಿಲ್ಲ, ನಾಳೆ ನೋಡೋಣ ಎಂದೆ.
ಗೌಡ ಮನೆಗೆ ಹೋದ.
ಓಂಕಾರಪ್ಪ ಕಡೂರಿನ ಬಸ್ಸು ಬಿಟ್ಟು
ತನ್ನದಲ್ಲದ ಕ್ಯಾಬಿನ್ನಿನಲ್ಲಿ
ಎಂಜಿನ್ ಮುಚ್ಚಳದ ಪಕ್ಕ ಮಲಗಿದ.

ಬೆಳಗ್ಗೆ ಮತ್ತೆ ಗೂಡ್ಸು, ಮತ್ತೆ ಕಾಯುವುದು.
ಹೊಡೆದ ಹುಡುಗ.
ಊದುಬತ್ತಿಯ ಎಳೆ ನೆಟ್ಟಗೆ ಏರಿತು, ಅಲುಗಲಿಲ್ಲ.
ಟಿಕ್ ಇಲ್ಲ.
ಅದು ಹೋದ ಮೇಲೆ ಅದರ ಹಿಂದೆ
ಇನ್ನೊಂದು, ಮೆತ್ತಗೆ, ಆಳದಲ್ಲಿ ಕೇಳಿಸಿತು.
ನಾನು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಬಗ್ಗಿದೆ.
ಓಂಕಾರಪ್ಪ ನನ್ನ ತೋಳು ಹಿಡಿದ.
"ಐದನೇ ಟ್ಯಾಪೆಟ್ಟು. ಅದು ಇದರದೇ. ಇರಲಿ ಬಿಡು."

ಹನ್ನೆರಡು ಸಾವಿರ ಎಣಿಸದೆ ಜೇಬಿಗೆ ತುರುಕಿ
ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹೋಗಿ ತಿರುಗಿದ.
"ಏರಿನಲ್ಲಿ ಮೂರನೇ ಗೇರಿಗೆ ಆತುರ ಮಾಡಬೇಡ ಅನ್ನು ಅವನಿಗೆ."

ಮರದ ಹೊಟ್ಟು, ಸೋಪು, ಸೀಮೆಎಣ್ಣೆ, ಏನು ಹಾಕಿ ತಿಕ್ಕಿದರೂ
ಉಗುರ ಸಂದಿಯಲ್ಲಿ ಕುಂಕುಮ ಉಳಿದಿತ್ತು.
ರೊಟ್ಟಿ ಬಡಿಸುತ್ತ ಮೆಹರುನ್ನಿಸಾ ಕೇಳಿದಳು,
ಯಾರ ಮದುವೆ?